ಸೈಕಲ್ ಸಮಾಧಾನ: ಮಲೆನಾಡಿನ ಏರಿಗೂ ಮಳೆಗೂ ಹೈಬ್ರಿಡ್ ಹೊಂದಿಸುವುದು ಹೇಗೆ?

ಈ ಸಲದ ಪತ್ರಗಳಲ್ಲಿ ಬಹುಪಾಲು ಹೈಬ್ರಿಡ್ ಸೈಕಲ್‌ನವು. ರೋಡ್ ಸೈಕಲ್‌ನ ದೊಡ್ಡ ಚಕ್ರಕ್ಕೆ ಮೌಂಟನ್ ಬೈಕಿನ ನೇರ ಹ್ಯಾಂಡಲ್ ಕೂಡಿಸಿದ ಈ ಜಾತಿ ಬಯಲುಸೀಮೆಯಲ್ಲಿ ಅಂಗಡಿಯಿಂದ ಬಂದ ಹಾಗೇ ಓಡುತ್ತದೆ. ಗಾಜನೂರು ದಾಟಿ ತೀರ್ಥಹಳ್ಳಿ ಕಡೆ ತಿರುಗಿಸಿದರೆ ಒಂದೊಂದಾಗಿ ತಕರಾರು ಶುರು. ದುಡ್ಡು ಹಾಕುವುದಾದರೆ ಮೊದಲು ಹಿಂದಿನ ಫ್ರೀವೀಲ್‌ಗೆ (ಹಿಂದಿನ ಚಕ್ರದ ಹಲ್ಲುಚಕ್ರಗಳ ಗೊಂಚಲಿಗೆ), ಆಮೇಲೆ ಬ್ರೇಕ್ ಪ್ಯಾಡ್‌ಗೆ, ಮಡ್‌ಗಾರ್ಡ್‌ಗೆ. ಹಗುರ ಸೀಟು, ಹಗುರ ಪೆಡಲ್ ಎಲ್ಲ ಕಡೆಗೆ ನೋಡಿಕೊಳ್ಳೋಣ.

ಪ್ರಶ್ನೆ: ನನ್ನದು 21 ಗೇರಿನ ಹೈಬ್ರಿಡ್. ಶಾಲೆಗೆ ದಿನಾ 9 ಕಿ.ಮೀ., ದಾರಿಯಲ್ಲಿ ಎರಡು ದೊಡ್ಡ ಏರು. ಎಲ್ಲಕ್ಕಿಂತ ಹಗುರ ಗೇರಿಗೆ ಹಾಕಿದರೂ ಇಳಿದು ತಳ್ಳಬೇಕಾಗುತ್ತದೆ. ಮುಂದೆ 48-38-28 ಹಲ್ಲು, ಹಿಂದೆ 14ರಿಂದ 28. ಬೇರೆ ಸೈಕಲ್ ತಗೊಳ್ಳಿ ಅನ್ನುತ್ತಾರೆ ಅಂಗಡಿಯವರು. ಇದನ್ನೇ ಸರಿಮಾಡಲು ಬರುವುದಿಲ್ಲವೇ?
— ಶಿಕ್ಷಕಿ, ತೀರ್ಥಹಳ್ಳಿ ತಾಲ್ಲೂಕು

ಉತ್ತರ: ಬರುತ್ತದೆ ಮೇಡಂ. ಹೈಬ್ರಿಡ್‌ಗಳಲ್ಲಿ ಸಾಮಾನ್ಯವಾದ 700×38 (38 ಮಿ.ಮೀ. ಅಗಲದ) ಟೈರಿನ ಸುತ್ತಳತೆ ಸುಮಾರು 2.18 ಮೀಟರ್. ಮುಂದೆ 28, ಹಿಂದೆ 28 ಹಲ್ಲಿನ ಮೇಲೆ ಚೈನ್ ಇದ್ದಾಗ ಪೆಡಲ್ ಒಂದು ಸುತ್ತು ಬಂದರೆ ಚಕ್ರವೂ ಒಂದೇ ಸುತ್ತು, ಅಂದರೆ ಸೈಕಲ್ 2.18 ಮೀಟರ್ ಮುಂದೆ ಹೋಗುತ್ತದೆ. ಹಿಂದೆ 34 ಹಲ್ಲು ಕೂರಿಸಿದರೆ ಅದು 1.80 ಮೀಟರ್‌ಗೆ ಇಳಿಯುತ್ತದೆ. ತುಳಿತದ ಭಾರ ಶೇ 18ರಷ್ಟು ಕಡಿಮೆ. ನಿಮಿಷಕ್ಕೆ 60 ಸುತ್ತು ತುಳಿದರೆ ಗಂಟೆಗೆ ಆರೂವರೆ ಕಿ.ಮೀ.; ನಡಿಗೆಗಿಂತ ಒಂಚೂರು ಜೋರು, ಸೈಕಲ್ ವಾಲಾಡದಷ್ಟು.

ಅಂಗಡಿಯಲ್ಲಿ 7 ಸ್ಪೀಡಿನ 14-34 'ಮೆಗಾರೇಂಜ್' ಫ್ರೀವೀಲ್ ಎಂದು ಕೇಳಿ. ಶಿಮಾನೋ ಕಂಪನಿಯ 14-28ರಲ್ಲೂ 14-34ರಲ್ಲೂ ಮೊದಲ ಆರು ಹಲ್ಲುಚಕ್ರ ಒಂದೇ: 14, 16, 18, 20, 22, 24. ಕೊನೆಯದು ಮಾತ್ರ 28ರ ಬದಲು 34. ಹಾಗಾಗಿ ಸಮತಟ್ಟು ರಸ್ತೆಯಲ್ಲಿ ನಿಮಗೆ ಏನೂ ವ್ಯತ್ಯಾಸ ತಿಳಿಯುವುದಿಲ್ಲ. 24ರಿಂದ 34ಕ್ಕೆ ಹಾರುವಾಗ ಮಾತ್ರ ಧಡಕ್ಕನೆ ಕಾಲು ಹಗುರಾಗುತ್ತದೆ. ಏರು ಶುರುವಾಗುವ ಮೊದಲೇ, ತುಳಿತ ಸಡಿಲಿಸಿ ಗೇರು ಬದಲಿಸಿ.

ಕೊಳ್ಳುವ ಮೊದಲು ಮೂರು ವಿಷಯ ನೋಡಿ. ಹಿಂದಿನದು ಫ್ರೀವೀಲೋ ಕ್ಯಾಸೆಟ್ಟೋ? ಚಕ್ರ ಬಿಚ್ಚಿ ಹಲ್ಲುಗಳನ್ನು ಹಿಂದಕ್ಕೆ ತಿರುಗಿಸಿ. ಆಕ್ಸೆಲ್ ಪಕ್ಕದಲ್ಲಿ ಟೂಲ್ ಕೂರುವ ಗೀರುಗಳು ಹಲ್ಲಿನ ಜೊತೆ ತಿರುಗದೆ ನಿಂತರೆ ಫ್ರೀವೀಲ್, ಜೊತೆಗೇ ತಿರುಗಿದರೆ ಕ್ಯಾಸೆಟ್. ಒಂದರ ಜಾಗದಲ್ಲಿ ಇನ್ನೊಂದು ಕೂರುವುದಿಲ್ಲ. ಎರಡನೆಯದು, ನಿಮ್ಮ ಹಿಂದಿನ ಡಿರೇಲರ್ (ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ಸರಿಸುವ ಭಾಗ) 34 ಹಲ್ಲು ತಾಳುತ್ತದೆಯೇ? ಅದರ ಮೇಲಿನ ಮಾಡೆಲ್ ನಂಬರ್ ಬರೆದುಕೊಂಡು ಹೋಗಿ ಕೇಳಿ. ಗಿಡ್ಡ ತೋಳಿನ ಡಿರೇಲರ್ ಆದರೆ ಅದನ್ನೂ ಬದಲಿಸಬೇಕಾದೀತು. ಮೂರನೆಯದು ಚೈನ್ ಉದ್ದ. ಬಹಳ ಜನ ಎಡವುವುದು ಇಲ್ಲೇ. ಡಿರೇಲರ್ ಒಳಗೆ ತೂರಿಸದೆ ಚೈನನ್ನು ಮುಂದಿನ 48, ಹಿಂದಿನ 34ರ ಮೇಲೆ ಸುತ್ತಿ. ತುದಿಗಳು ಕೂಡುವ ಜಾಗದಿಂದ ಇನ್ನೂ ಒಂದು ಇಂಚು, ಅಂದರೆ ಎರಡು ಕೊಂಡಿ, ಹೆಚ್ಚಿಗೆ ಇರಬೇಕು. ಹಳೆಯ ಚೈನ್ 28ಕ್ಕೆ ಅಳೆದು ಕತ್ತರಿಸಿದ್ದು, ಸಾಲದೆ ಬರಬಹುದು. ಗಿಡ್ಡ ಚೈನಿನಲ್ಲಿ ಮರೆತು ಮುಂದಿನ ದೊಡ್ಡದು, ಹಿಂದಿನ ದೊಡ್ಡದು ಎರಡರ ಮೇಲೂ ಒಟ್ಟಿಗೆ ಹಾಕಿದಿರೋ, ಡಿರೇಲರ್ ಕಿತ್ತು ಕಡ್ಡಿಗಳ ಒಳಗೆ ಹೋಗುತ್ತದೆ.

ತುಳಿದಷ್ಟೂ ಬಿಗಿಯಾಗುವ ಮರೆ (ತಿರುಪಿನ ಸುತ್ತುಗೀರು) ಫ್ರೀವೀಲಿನದು, ಹಾಗಾಗಿ ಬಿಚ್ಚಲು ಬಲ ಬೇಕು. ಫ್ರೀವೀಲ್ ಟೂಲನ್ನು ಬೆಂಚ್ ವೈಸ್‌ನಲ್ಲಿ ಕಚ್ಚಿಸಿ, ಚಕ್ರವನ್ನು ಅದರ ಮೇಲೆ ಕೂರಿಸಿ, ಟೂಲ್ ಜಾರದಂತೆ ಆಕ್ಸೆಲ್ ನಟ್ಟನ್ನು ಕೈಬಿಗಿ ಮಾಡಿ, ಚಕ್ರವನ್ನೇ ಅಪ್ರದಕ್ಷಿಣೆಯಾಗಿ ತಿರುಗಿಸಿ. ಕಾಲು ಸುತ್ತು ಸಡಿಲಾದ ಕೂಡಲೇ ನಟ್ಟು ತೆಗೆಯಿರಿ, ಇಲ್ಲದಿದ್ದರೆ ಆಕ್ಸೆಲ್ ಕೆಡುತ್ತದೆ. ಹೊಸದನ್ನು ಹಾಕುವಾಗ ಮರೆಗೆ ಗ್ರೀಸ್ ಹಚ್ಚಿ ಕೈಯಲ್ಲೇ ತಿರುಗಿಸಿ. ಮೊದಲ ಸುತ್ತಿನಲ್ಲೇ ಬಿಗಿಯೆನಿಸಿದರೆ ಮರೆ ಅಡ್ಡ ಹತ್ತಿದೆ, ಬಿಚ್ಚಿ ಮತ್ತೆ ಶುರುಮಾಡಿ. ಆಮೇಲೆ ಡಿರೇಲರ್‌ನ ಬಿ-ಸ್ಕ್ರೂ (ಹಲ್ಲಿನಿಂದ ಅದರ ದೂರ ಹೊಂದಿಸುವ ಸ್ಕ್ರೂ) ಒಳಕ್ಕೆ ತಿರುಗಿಸಿ, ಮೇಲಿನ ಸಣ್ಣ ಗಾಲಿಗೂ 34 ಹಲ್ಲಿಗೂ ನಡುವೆ 5-6 ಮಿ.ಮೀ. ಸಂದು ಬಿಡಿಸಿ. ಕಡೆಗೆ ಎಲ್ ಎಂದು ಬರೆದ ಸ್ಕ್ರೂ ಪರೀಕ್ಷಿಸಿ: ಚೈನ್ 34ರ ಮೇಲೆ ಹತ್ತಬೇಕು, ದಾಟಿ ಕಡ್ಡಿ ಕಡೆ ಬೀಳಬಾರದು. ಈ ಒಂದು ಸ್ಕ್ರೂ ತಪ್ಪಿದರೆ ಉಳಿದ ಕೆಲಸವೆಲ್ಲ ಹಾಳು.

ಇಷ್ಟಾದರೂ ಸಾಲದಿದ್ದರೆ ಮುಂದಿನ ಕ್ರ್ಯಾಂಕನ್ನೇ (ಪೆಡಲ್ ತೋಳು, ಹಲ್ಲುಚಕ್ರಗಳ ಜೋಡಣೆಯನ್ನೇ) 42-34-24ಕ್ಕೆ ಬದಲಿಸಬಹುದು. ಆಗ ಪೆಡಲಿನ ಸುತ್ತಿಗೆ 1.54 ಮೀಟರ್. ದೊಡ್ಡ ಗೇರಿನಲ್ಲಿ, ಅದೇ 60 ಸುತ್ತಿಗೆ, ಗಂಟೆಗೆ 27 ಕಿ.ಮೀ. ಹೋಗುತ್ತಿದ್ದುದು ಇಪ್ಪತ್ಮೂರೂವರೆಗೆ ಇಳಿಯುತ್ತದೆ. ಶಾಲೆಗೆ ಹೋಗುವವರಿಗೆ ಅದೇನು ನಷ್ಟವಲ್ಲ. ಮುಂದಿನ ಡಿರೇಲರನ್ನು 12 ಮಿ.ಮೀ.ನಷ್ಟು ಕೆಳಗಿಳಿಸಿ, ಅದರ ಪಟ್ಟಿಗೂ ಹಲ್ಲಿಗೂ 1ರಿಂದ 3 ಮಿ.ಮೀ. ಅಂತರ ಬರುವಂತೆ ಕೂರಿಸಿ.

ಪ್ರಶ್ನೆ: ಡಿಸ್ಕ್ ಬ್ರೇಕ್ ಇರುವ ಸೈಕಲ್, ಕೇಬಲ್‌ನದು. ಜೂನ್‌ನಲ್ಲಿ ಹಾಕಿಸಿದ ಪ್ಯಾಡ್ ಆಗಸ್ಟ್‌ಗೆ ಮುಗಿಯಿತು. ಕಿರ್ ಎಂದು ಊರಿಗೆಲ್ಲ ಕೇಳುವ ಸದ್ದು. ಲಿವರ್ ಹ್ಯಾಂಡಲ್‌ಗೆ ತಾಗುವವರೆಗೂ ಒತ್ತಬೇಕು. ಕೇಬಲ್ ಬಿಗಿ ಮಾಡಿಸಿದರೆ ನಾಲ್ಕು ದಿನ ಸರಿ, ಮತ್ತೆ ಅದೇ ಕಥೆ.
— ವಿದ್ಯಾರ್ಥಿ, ಸಾಗರ

ಉತ್ತರ: ಕೇಬಲ್ ಬಿಗಿ ಮಾಡಿಸಿದ್ದೇ ಅರ್ಧ ತಪ್ಪು. ಸಾಧಾರಣ ಬೆಲೆಯ ಕೇಬಲ್ ಡಿಸ್ಕ್‌ನಲ್ಲಿ ಹೊರಗಿನ ಪ್ಯಾಡ್ ಒಂದೇ ಚಲಿಸುತ್ತದೆ. ಒಳಗಿನದು ನಿಂತಲ್ಲೇ ನಿಂತಿರುತ್ತದೆ. ಪ್ಯಾಡ್ ಸವೆದಂತೆ ಒಳಗಿನದನ್ನು ನಾವೇ ಹತ್ತಿರ ತರಬೇಕು. ಅದನ್ನು ಬಿಟ್ಟು ಕೇಬಲ್ ಎಳೆದರೆ ಕ್ಯಾಲಿಪರ್‌ನ (ಪ್ಯಾಡ್ ಹಿಡಿದು ಒತ್ತುವ ಭಾಗದ) ತೋಳು ಮೊದಲೇ ಅರ್ಧ ದಾರಿ ಬಂದು ನಿಂತಿರುತ್ತದೆ, ಒತ್ತಲು ಉಳಿಯುವುದು ಬರೀ ಇನ್ನರ್ಧ. ಮೊದಲು ಕೇಬಲ್ ಸಡಿಲಿಸಿ. ಕಡ್ಡಿಗಳ ಕಡೆಯಿಂದ ಕ್ಯಾಲಿಪರ್‌ನ ಅಲೆನ್ ಸ್ಕ್ರೂ ತಿರುಗಿಸಿ, ಒಳಗಿನ ಪ್ಯಾಡಿಗೂ ಡಿಸ್ಕಿಗೂ ನಡುವೆ ವಿಸಿಟಿಂಗ್ ಕಾರ್ಡಿನಷ್ಟು ಸಂದು ಉಳಿಸಿ. ಆಮೇಲೆ ಕೇಬಲ್ ಕಟ್ಟಿ. ಹೊರ ಪ್ಯಾಡ್ ಒತ್ತಿದಾಗ ಡಿಸ್ಕ್ ಕೂದಲೆಳೆಯಷ್ಟು ಬಾಗಿ ಒಳ ಪ್ಯಾಡಿಗೆ ಒರಗುತ್ತದೆ. ಅದು ಹಾಗೇ ಇರಬೇಕು, ಗಾಬರಿ ಬೇಡ.

ಎರಡೇ ತಿಂಗಳಿಗೆ ಮುಗಿದಿರುವುದು ರೆಸಿನ್ (ರಾಳದ) ಪ್ಯಾಡ್ ಆಗಿರಬೇಕು. ಜಂಬಿಟ್ಟಿಗೆ ಮಣ್ಣಿನ ರಾಡಿ ಉಪ್ಪುಕಾಗದದ ಹಾಗೆ ಅದನ್ನು ತಿನ್ನುತ್ತದೆ. ಮಳೆಗಾಲಕ್ಕೆ ಲೋಹದ ಪುಡಿಯ ಸಿಂಟರ್ಡ್ ಪ್ಯಾಡ್ ಹಾಕಿಸಿ; ಸದ್ದು ಕೊಂಚ ಹೆಚ್ಚು, ಬಾಳಿಕೆಯೂ ಹೆಚ್ಚು. ಆದರೆ ಡಿಸ್ಕ್ ಮೇಲೆ 'ರೆಸಿನ್ ಪ್ಯಾಡ್ ಓನ್ಲಿ' ಎಂದು ಅಚ್ಚಾಗಿದ್ದರೆ ಸಿಂಟರ್ಡ್ ಸಲ್ಲದು, ಡಿಸ್ಕೇ ಬೇಗ ಸವೆಯುತ್ತದೆ. ಆಗ ಡಿಸ್ಕ್ ಸಮೇತ ಬದಲಿಸಿ. ಪ್ಯಾಡಿನ ಉಜ್ಜುವ ಪದರ 0.5 ಮಿ.ಮೀ.ಗೆ ಬಂದರೆ, ಶಿಮಾನೋ ಡಿಸ್ಕ್ 1.5 ಮಿ.ಮೀ.ಗೆ ತೆಳುವಾದರೆ ಆಯಿತು ಅದರ ಆಯಸ್ಸು.

ಸದ್ದಿಗೆ ಹೆಚ್ಚಾಗಿ ಕಾರಣ ಎಣ್ಣೆ. ಚೈನಿಗೆ ಸ್ಪ್ರೇ ಹೊಡೆಯುವಾಗ ಗಾಳಿಗೆ ಡಿಸ್ಕ್ ಮೇಲೂ ಕೂರುತ್ತದೆ. ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿ ಚೊಕ್ಕ ಬಟ್ಟೆಯಲ್ಲಿ ಡಿಸ್ಕ್ ಒರೆಸಿ. ಡೀಸೆಲ್, ಸೀಮೆಎಣ್ಣೆ ಹತ್ತಿರ ತರಬೇಡಿ. ಪ್ಯಾಡನ್ನು ಉಪ್ಪುಕಾಗದದ ಮೇಲೆ ನಾಲ್ಕು ಸಲ ಉಜ್ಜಿ ನೋಡಿ. ಎಣ್ಣೆ ಒಳಗಿಳಿದಿದ್ದರೆ ಬಿಸಾಡುವುದೇ ಸರಿ. ಹೊಸ ಪ್ಯಾಡ್ ಹಾಕಿದ ದಿನ, ಸಮತಟ್ಟಾದ ಖಾಲಿ ರಸ್ತೆಯಲ್ಲಿ ಗಂಟೆಗೆ 20 ಕಿ.ಮೀ. ವೇಗದಿಂದ ನಡಿಗೆಯ ವೇಗಕ್ಕೆ ಇಳಿಯುವಂತೆ ಸುಮಾರು 20 ಸಲ ಬ್ರೇಕ್ ಹಿಡಿಯಿರಿ, ಪೂರ್ತಿ ನಿಲ್ಲಿಸಬೇಡಿ. ಇದನ್ನು ಮಾಡದೆ ನೇರ ಆಗುಂಬೆ ಘಾಟಿ ಇಳಿಯಲು ಹೊರಡುವುದು ಹುಚ್ಚು ಧೈರ್ಯ. ಘಾಟಿಯಲ್ಲೂ ಬ್ರೇಕನ್ನು ಉದ್ದಕ್ಕೂ ಹಿಡಿದುಕೊಂಡೇ ಇಳಿಯಬೇಡಿ. ತಿರುವಿನ ಮೊದಲು ಗಟ್ಟಿಯಾಗಿ ಹಿಡಿದು ವೇಗ ಇಳಿಸಿ, ಬಿಟ್ಟು ತಣಿಯಲು ಬಿಡಿ.

ಕೇಬಲ್ ಬದಲಿಸುವಾಗ ಒಂದು ಎಚ್ಚರಿಕೆ. ಬ್ರೇಕಿನ ಔಟರ್ (ಕೇಬಲ್‌ನ ಹೊರಕವಚ) ಒಳಗೆ ತಂತಿ ಸುರುಳಿ ಸುತ್ತಿರುತ್ತದೆ, ಗೇರಿನ ಔಟರ್‌ನಲ್ಲಿ ಉದ್ದುದ್ದ ಎಳೆಗಳಿರುತ್ತವೆ. ಗೇರಿನದನ್ನು ಬ್ರೇಕಿಗೆ ಹಾಕಿದರೆ ಜೋರಾಗಿ ಒತ್ತಿದ ಹೊತ್ತಿನಲ್ಲೇ ಸೀಳಿಕೊಳ್ಳುತ್ತದೆ. ಅಂಗಡಿಯಲ್ಲಿ ಹಾಕಿಸಿದರೂ ತುದಿ ನೋಡಿ ಖಾತ್ರಿ ಮಾಡಿಕೊಳ್ಳಿ.

ಪ್ರಶ್ನೆ: ಟೈರಿನ ಮೇಲೆ 40ರಿಂದ 65 ಪಿಎಸ್‌ಐ ಎಂದಿದೆ. 700×38. ಎಷ್ಟು ಗಾಳಿ ಹಿಡಿಸಲಿ? — ಭದ್ರಾವತಿ

ಉತ್ತರ: ನಿಮ್ಮ ತೂಕ 70 ಕೆ.ಜಿ. ಆಸುಪಾಸು ಇದ್ದರೆ ಮುಂದೆ 40, ಹಿಂದೆ 48. ಹಿಂದಿನ ಚಕ್ರದ ಮೇಲೆ ಭಾರ ಹೆಚ್ಚು, ಎರಡಕ್ಕೂ ಒಂದೇ ಗಾಳಿ ಬೇಡ. 65 ತುಂಬಿಸಿದರೆ ಹಾವಸೆ ಕಟ್ಟಿದ ರಸ್ತೆಯಲ್ಲಿ ಜಾರುವುದು ಬಿಟ್ಟರೆ ಬೇರೆ ಲಾಭವಿಲ್ಲ. ವಾರಕ್ಕೊಮ್ಮೆ ಗೇಜ್ ಹಚ್ಚಿ ನೋಡಿ, ಬೆರಳಲ್ಲಿ ಒತ್ತಿ ನೋಡುವುದು ಲೆಕ್ಕಕ್ಕಿಲ್ಲ.

ಪ್ರಶ್ನೆ: ವಯಸ್ಸು 56. ಬೆಳಿಗ್ಗೆ ಸವಳಂಗ ರಸ್ತೆಯಲ್ಲಿ ಒಂದು ಗಂಟೆ ತುಳಿಯುತ್ತೇನೆ. ಅರ್ಧ ಗಂಟೆಗೆ ಕಿರುಬೆರಳು, ಉಂಗುರ ಬೆರಳು ಜೋಮು ಹಿಡಿಯುತ್ತವೆ, ಕುತ್ತಿಗೆಯೂ ನೋವು. ಜೆಲ್ ಗ್ಲೌಸ್ ತಂದೆ, ಪ್ರಯೋಜನ ಆಗಲಿಲ್ಲ.
— ನಿವೃತ್ತ ನೌಕರರು, ವಿನೋಬನಗರ, ಶಿವಮೊಗ್ಗ

ಉತ್ತರ: ಗ್ಲೌಸ್ ಕೈಗೆ, ತೊಂದರೆ ಇರುವುದು ಸೀಟಿನಲ್ಲಿ, ಹ್ಯಾಂಡಲ್‌ನಲ್ಲಿ. ಆ ಎರಡು ಬೆರಳಿಗೆ ಹೋಗುವ ನರ ಅಂಗೈಯ ಹೊರ ಅಂಚಿನಲ್ಲಿದೆ. ಮೈಭಾರ ಅಲ್ಲಿ ಕೂತರೆ ಜೋಮು ಗ್ಯಾರಂಟಿ. ಸೀಟಿನ ಮೂತಿ ಕೆಳಗೆ ವಾಲಿದ್ದರೆ ಮೈ ಮುಂದಕ್ಕೆ ಜಾರಿ ಕೈಗಳ ಮೇಲೆ ಬೀಳುತ್ತದೆ. ಮೊದಲು ಅದನ್ನು ಮಟ್ಟ ಮಾಡಿ. ಎತ್ತರಕ್ಕೆ ಒಂದು ಲೆಕ್ಕವಿದೆ. ಬರಿಗಾಲಲ್ಲಿ ಗೋಡೆಗೆ ಬೆನ್ನು ಕೊಟ್ಟು ನಿಂತು, ಕಾಲ ಸಂದಿಗೆ ದಪ್ಪ ರಟ್ಟಿನ ಪುಸ್ತಕವನ್ನು ಬಿಗಿಯಾಗಿ ಏರಿಸಿ, ನೆಲದಿಂದ ಅದರ ಮೇಲಂಚಿಗೆ ಅಳೆಯಿರಿ. ಆ ಅಳತೆಯನ್ನು 0.883ರಿಂದ ಗುಣಿಸಿ. 80 ಸೆಂ.ಮೀ. ಬಂದರೆ 70.6. ಕ್ರ್ಯಾಂಕಿನ ನಡುವಿನಿಂದ ಸೀಟಿನ ಮೇಲ್ಮೈಗೆ ಅಷ್ಟು ದೂರ. ನಿಮ್ಮ ವಯಸ್ಸಿಗೆ ಒಂದು ಸೆಂ.ಮೀ. ಕಡಿಮೆಯಿಂದ ಶುರುಮಾಡಿ, ಹಿಮ್ಮಡಿ ಪೆಡಲಿನ ಮೇಲಿಟ್ಟು ಹಿಂದಕ್ಕೆ ತುಳಿದಾಗ, ಪೆಡಲ್ ಕೆಳಗಿದ್ದಾಗ ಮಂಡಿ ನೆಟ್ಟಗಾಗಿ ಸೊಂಟ ವಾಲಾಡದಿದ್ದರೆ ಸರಿ.

ಹ್ಯಾಂಡಲ್ ಎತ್ತರಿಸಲು ಹೊಸದೇನೂ ಬೇಡ. ಹ್ಯಾಂಡಲ್ ಹಿಡಿದಿರುವ ಸ್ಟೆಮ್ ಹೆಚ್ಚಾಗಿ 7 ಡಿಗ್ರಿ ಓರೆ ಇರುತ್ತದೆ. ಅದು ಕೆಳಮುಖವಾಗಿದ್ದರೆ ಬಿಚ್ಚಿ ಮಗುಚಿ ಹಾಕಿ, 90 ಮಿ.ಮೀ. ಸ್ಟೆಮ್‌ನಲ್ಲಿ ಎರಡು ಸೆಂ.ಮೀ. ಎತ್ತರ ಪುಕ್ಕಟೆ ಸಿಗುತ್ತದೆ. ಬಿಗಿಯುವಾಗ ಮೇಲಿನ ಟೋಪಿಯ ಬೋಲ್ಟ್ ಮೊದಲು, ಮುಂದಿನ ಬ್ರೇಕ್ ಹಿಡಿದು ಅಲ್ಲಾಡಿಸಿದರೆ ಕಟಕಟ ನಿಲ್ಲುವಷ್ಟು ಮಾತ್ರ. ಆಮೇಲೆ ಪಕ್ಕದ ಎರಡು ಬೋಲ್ಟ್, 5-6 ನ್ಯೂಟನ್ ಮೀಟರ್. ಈ ಅನುಕ್ರಮ ಹಿಂದುಮುಂದಾದರೆ ಹ್ಯಾಂಡಲ್ ಸಡಿಲವೋ ಬಿಗಿಯೋ ಆಗಿ ಉಳಿಯುತ್ತದೆ. ಸಾಲದಿದ್ದರೆ 60-70 ಮಿ.ಮೀ.ನ ಗಿಡ್ಡ ಸ್ಟೆಮ್ ಕೊಳ್ಳಿ. ಹ್ಯಾಂಡಲ್ ಹಿಡಿವ ಜಾಗ 25.4ರದೋ 31.8ರದೋ ಅಳೆದುಕೊಂಡೇ ಅಂಗಡಿಗೆ ಹೋಗಿ. ಹದಿನೈದು ದಿನದ ಮೇಲೂ ಜೋಮು ಉಳಿದರೆ ಡಾಕ್ಟರಿಗೆ ತೋರಿಸಿ.

ಪ್ರಶ್ನೆ: ಸೀಟಿನ ಕಂಬಕ್ಕೆ ಸಿಕ್ಕಿಸುವ ಪ್ಲಾಸ್ಟಿಕ್ ಮಡ್‌ಗಾರ್ಡ್ ಹಾಕಿದ್ದೇನೆ. ಬೆನ್ನಿಗೆ ರಾಡಿ ಹಾರುವುದಿಲ್ಲ, ಆದರೆ ಚೈನ್, ಕಾಲು, ಶೂ ಎಲ್ಲ ಕೆಂಪು. — ಹೊಸನಗರ

ಉತ್ತರ: ಅವನ್ನೆಲ್ಲ ಕೆಂಪಾಗಿಸುವುದು ಮುಂದಿನ ಚಕ್ರ. ಎರಡು ಕಡೆಗೂ ಸರಳು ಕಟ್ಟಿದ ಪೂರ್ತಿ ಉದ್ದದ್ದೇ ಬೇಕು. 38ರ ಟೈರಿಗೆ 50 ಮಿ.ಮೀ. ಅಗಲ. ಟೈರಿಗೂ ಗಾರ್ಡಿಗೂ 12-15 ಮಿ.ಮೀ. ಸಂದು ಬಿಡಿ, ಪೇಟೆಯವರು ಚಂದಕ್ಕೆ ಹತ್ತಿರ ಕೂರಿಸುತ್ತಾರೆ, ನಿಮ್ಮ ಮಣ್ಣು ಅಲ್ಲಿ ಮೆತ್ತಿ ಚಕ್ರ ನಿಲ್ಲಿಸುತ್ತದೆ. ಮುಂದಿನದರ ತುದಿಗೆ ಹಳೆ ಕಾರಿನ ಫುಟ್‌ಮ್ಯಾಟ್ ಕತ್ತರಿಸಿ, ನೆಲದಿಂದ ಒಂದು ಗೇಣಿಗಿಂತ ಕೆಳಗೆ ಬರುವಂತೆ ಕಟ್ಟಿ. ಚೈನ್ ಉಳಿಯುವುದು ಆ ತುಂಡಿನಿಂದಲೇ. ಕಾಡಿನ ದಾರಿಯಲ್ಲಿ ಕಟ್ಟಿಗೆ ಚೂರು ಗಾರ್ಡಿನೊಳಗೆ ಸಿಕ್ಕಿ ಮುಂದಿನ ಚಕ್ರ ಕಚ್ಚಿಕೊಳ್ಳುವುದುಂಟು. ಎಳೆತ ಬಿದ್ದರೆ ತಾನೇ ಕಳಚುವ ಕ್ಲಿಪ್ ಇರುವ ಸರಳು ಸಿಕ್ಕರೆ ಅದನ್ನೇ ಆರಿಸಿ. ಬೋಲ್ಟಿಗೆ ಅಲುಗಾಟಕ್ಕೆ ಸಡಿಲಾಗದ ನೈಲಾಕ್ ನಟ್ಟು ಹಾಕಿ.

ಮಳೆಗಾಲದಲ್ಲಿ ತಿಂಗಳಿಗೊಮ್ಮೆ ಸೀಟಿನ ಕಂಬ ಹೊರಗೆಳೆದು ಸೈಕಲ್ ತಲೆಕೆಳಗು ಮಾಡಿ. ಸುರಿಯುವ ನೀರು ನೋಡಿ ನಿಮಗೇ ಆಶ್ಚರ್ಯವಾದೀತು. ಕಂಬಕ್ಕೆ ಗ್ರೀಸ್ ಹಚ್ಚಿ ಮತ್ತೆ ಇಳಿಸಿ. ಕ್ರ್ಯಾಂಕಿನ ಅಡಿಯಲ್ಲಿ ಸಣ್ಣ ತೂತಿದ್ದರೆ ತಂತಿ ಆಡಿಸಿ ಬಿಡಿಸಿ, ಇಲ್ಲದಿದ್ದರೆ ಬೇರಿಂಗ್ ನೀರಲ್ಲೇ ನೆನೆಯುತ್ತದೆ.

ಪ್ರಶ್ನೆ: ಕ್ಯಾರಿಯರ್‌ನಲ್ಲಿ 20 ಕೆ.ಜಿ. ಸಾಮಾನು ಹೇರುತ್ತೇನೆ. ಹಿಂದಿನ ಚಕ್ರದಲ್ಲಿ ಚೈನ್ ಕಡೆಯ ಕಡ್ಡಿ ಮೂರು ಸಲ ಮುರಿಯಿತು. ಬಿಗಿ ಹೆಚ್ಚಾಯಿತೇ? — ಕೃಷಿಕರು, ರಿಪ್ಪನ್‌ಪೇಟೆ

ಉತ್ತರ: ಬಹುಶಃ ಉಲ್ಟಾ. ಬಿಗಿ ಸಾಲದ ಕಡ್ಡಿ ಪ್ರತಿ ಸುತ್ತಿಗೂ ಸಡಿಲಾಗಿ ಎಳೆದು, ಬಾಗಿದ ಕುತ್ತಿಗೆಯಲ್ಲಿ ದಣಿದು ಮುರಿಯುತ್ತದೆ. ಮೂರು ಮುರಿದಿವೆ ಎಂದರೆ ಉಳಿದವೂ ಅದೇ ಹಾದಿಯಲ್ಲಿವೆ. ಒಂದೊಂದೇ ಬದಲಿಸುವುದು ಬಿಟ್ಟು ಆ ಬದಿಯವನ್ನೆಲ್ಲ 2 ಮಿ.ಮೀ. ಸ್ಟೇನ್‌ಲೆಸ್ ಕಡ್ಡಿ ಹಾಕಿಸಿ. ಕಟ್ಟಿದ ಮೇಲೆ ಬೆರಳಲ್ಲಿ ಮೀಟಿ. ಒಂದೇ ಬದಿಯ ಕಡ್ಡಿಗಳು ಹೆಚ್ಚುಕಡಿಮೆ ಒಂದೇ ಸ್ವರ ಕೊಡಬೇಕು. ಸಾಮಾನನ್ನು ಕ್ಯಾರಿಯರ್ ಮೇಲೆ ಗುಡ್ಡೆ ಹಾಕದೆ ಎರಡೂ ಪಕ್ಕಕ್ಕೆ ಸಮನಾಗಿ ಇಳಿಬಿಡಿ.

ಪ್ರಶ್ನೆ: ಚೈನಿಗೆ ಬೈಕಿನ ಹಳೇ ಎಂಜಿನ್ ಆಯಿಲ್ ಸಾಕಲ್ಲವೇ? — ಶಿಕಾರಿಪುರ

ಉತ್ತರ: ಸಾಲದು. ಅದರಲ್ಲಿ ಮಸಿ, ಲೋಹದ ಪುಡಿ ಇರುತ್ತದೆ. ಧೂಳನ್ನೂ ಎಳೆದುಕೊಂಡು ಚೈನನ್ನು ಅರೆಯುತ್ತದೆ. ಮಳೆಗಾಲದಲ್ಲಿ 'ವೆಟ್ ಲ್ಯೂಬ್', ಉಳಿದ ದಿನಕ್ಕೆ 'ಡ್ರೈ ಲ್ಯೂಬ್' ಎಂಬ ಚೈನ್ ಎಣ್ಣೆ. ಪ್ರತಿ ರೋಲರಿಗೆ ಒಂದೇ ಹನಿ, ಹತ್ತು ನಿಮಿಷ ಬಿಟ್ಟು ಹೊರಗಿನದನ್ನೆಲ್ಲ ಬಟ್ಟೆಯಲ್ಲಿ ಒರೆಸಿ ತೆಗೆಯಿರಿ. ಎಣ್ಣೆ ಬೇಕಿರುವುದು ಒಳಗೆ. ಸವೆತ ನೋಡಲು ಸ್ಟೀಲ್ ಸ್ಕೇಲ್ ಸಾಕು. ಒಂದು ಪಿನ್ನಿನ ನಡುವೆ ಸೊನ್ನೆ ಇಟ್ಟರೆ, ಹೊಸ ಚೈನಿನಲ್ಲಿ 12 ಇಂಚಿಗೆ ಸರಿಯಾಗಿ ಇನ್ನೊಂದು ಪಿನ್ನಿನ ನಡು ಬರುತ್ತದೆ. ಅದು 1/16 ಇಂಚು ದಾಟಿದ್ದರೆ ಚೈನ್ ಬದಲಿಸಿ. 1/8 ದಾಟಿದ್ದರೆ ಫ್ರೀವೀಲ್ ಹಲ್ಲೂ ಸವೆದಿರುತ್ತದೆ. ಹೊಸ ಚೈನ್ ಒಂದನ್ನೇ ಹಾಕಿದರೆ ಏರಿನಲ್ಲಿ ಹಲ್ಲು ಜಿಗಿಯುತ್ತದೆ, ಎರಡನ್ನೂ ಕೂಡಿಯೇ ಹಾಕಿಸಿ.