ಸಂಪಾದಕರ ಉತ್ತರ: ಮೀಟರ್ ಇಟ್ಟರೆ ಸಾಲದೇ?

ಧಾರವಾಡದಿಂದ ನಿವೃತ್ತ ವಿಜ್ಞಾನ ಮೇಷ್ಟ್ರೊಬ್ಬರು ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ. ಪತ್ರದ ಸಾರ ಇಷ್ಟು: "ಹೋದ ತಿಂಗಳು ಹೊಗೆ ಮತ್ತು ಬಡವರ ಬಗ್ಗೆ ಮಾನವಶಾಸ್ತ್ರದ ಲೇಖನ ಹಾಕಿದ್ದಿರಿ. ಗಾಳಿಗೆ ಬೇಲಿ ಹಾಕೋಕಾಗುತ್ತದೆಯೇ? ಎಲ್ಲರೂ ಉಸಿರಾಡುವುದು ಒಂದೇ ಗಾಳಿ. ಅಳೆಯಲು ಮೀಟರ್ ಇದೆ. ನಾನೂ ಒಂದು ಕೊಂಡು ಜಗಲಿಯಲ್ಲಿ ಇಟ್ಟಿದ್ದೇನೆ. ಈ ಮಾನವಶಾಸ್ತ್ರದವರು ವರ್ಷಗಟ್ಟಲೆ ಕೇರಿಯಲ್ಲಿ ಕೂತು ಹರಟೆ ಹೊಡೆದರೆ ಹೊಸದಾಗಿ ತಿಳಿಯುವುದೇನು? ಅಷ್ಟು ತೊಂದರೆ ಇದ್ದರೆ ಆ ಜನ ಬೇರೆ ಕಡೆ ಹೋಗಬಹುದಲ್ಲ?"

ಮೇಷ್ಟ್ರೇ, ನಮಸ್ಕಾರ.

ಮೊದಲು ನನ್ನ ತಪ್ಪು ಒಪ್ಪಿಕೊಳ್ಳುತ್ತೇನೆ. ಆ ಲೇಖನದ ಭಾಷೆ ಕಬ್ಬಿಣದ ಕಡಲೆಯಾಗಿತ್ತು. 'ಪರಿಸರ ಅನ್ಯಾಯ' ಎಂಬ ಮಾತು ಪ್ಯಾರಾಕ್ಕೊಂದು ಸಲ ಬಂತು. ಅದೇನು ಅಂತ ಒಂದು ಸಲವೂ ಬಿಡಿಸಿ ಹೇಳಲಿಲ್ಲ. ತಿದ್ದಬೇಕಾದವನು ನಾನು, ತಿದ್ದಲಿಲ್ಲ. ಹಾಗಾಗಿ ಈ ಸಲ ದೊಡ್ಡ ಮಾತು ಬೇಡ, ಒಂದು ಕೇರಿಯ ಕತೆ ಹೇಳುತ್ತೇನೆ.

ಅರ್ಜೆಂಟೀನಾದ ರಾಜಧಾನಿ ಬ್ಯೂನಸ್ ಐರಿಸ್‌ನ ಅಂಚಿನಲ್ಲಿ ಡಾಕ್ ಸುದ್ ಎಂಬ ಬಂದರು ಪ್ರದೇಶವಿದೆ. ಅಲ್ಲಿ ತೈಲ ಶುದ್ಧೀಕರಣ ಘಟಕ, ರಾಸಾಯನಿಕ ಕಾರ್ಖಾನೆಗಳು, ಟ್ಯಾಂಕುಗಳ ಸಾಲು. ಅವುಗಳ ಮಗ್ಗುಲಲ್ಲೇ ಒಂದು ಬಡವರ ಕೇರಿ. ಹೆಸರು ವಿಲ್ಲಾ ಇನ್‌ಫ್ಲಾಮಾಬ್ಲೆ. ನಮ್ಮ ಭಾಷೆಯಲ್ಲಿ 'ಹೊತ್ತಿಕೊಳ್ಳುವ ಕೇರಿ' ಅನ್ನಬಹುದು. ಇದು ತಮಾಷೆಗೆ ಇಟ್ಟ ಹೆಸರಲ್ಲ. 1984ರಲ್ಲಿ ಅಲ್ಲಿನ ಕಾಲುವೆಯಲ್ಲಿ ತೈಲದ ಹಡಗೊಂದು ಹೊತ್ತಿ ಉರಿಯಿತು. ಆಮೇಲೆ ಬೆಂಕಿ ಹಿಡಿಯುವ ಸರಕಿಗೆಂದೇ ಬೇರೆ ಹಡಗುಕಟ್ಟೆ ಕಟ್ಟಿದರು. ಅದರ ಹೆಸರೇ ಕೇರಿಗೂ ಅಂಟಿಕೊಂಡಿತು.

ಅಲ್ಲಿ ಅಳತೆ ಆಗಿರಲಿಲ್ಲ ಅಂದುಕೊಳ್ಳಬೇಡಿ. 2003ರಲ್ಲಿ ಜಪಾನಿನ ನೆರವು ಸಂಸ್ಥೆಯ ಹಣದಲ್ಲಿ ಮಕ್ಕಳ ರಕ್ತ ಪರೀಕ್ಷೆ ನಡೆಯಿತು. ಪರೀಕ್ಷೆಗೆ ಒಳಗಾದ ಮಕ್ಕಳಲ್ಲಿ ನೂರಕ್ಕೆ 50ರ ರಕ್ತದಲ್ಲಿ ಸೀಸ ಮಿತಿಗಿಂತ ಜಾಸ್ತಿ ಇತ್ತು. ಅಷ್ಟೇ ಬಡತನ ಇದ್ದರೂ ವಿಷದ ಕಾಟ ಕಡಿಮೆ ಇದ್ದ ಇನ್ನೊಂದು ಕೇರಿಯಲ್ಲಿ ಅದು 17. ನಿಮ್ಮ ಮೀಟರ್ ಹೇಳಬೇಕಾದ್ದನ್ನು ಹೇಳಿಯಾಗಿತ್ತು.

ಸಮಾಜಶಾಸ್ತ್ರಜ್ಞ ಹಾವಿಯೆರ್ ಔಯೇರೊ ಮತ್ತು ಮಾನವಶಾಸ್ತ್ರಜ್ಞೆ ಡೆಬೊರಾ ಸ್ವಿಸ್ತುನ್ ಅಲ್ಲಿ ಕೆಲಸ ಶುರು ಮಾಡಿದ್ದು ಇದಾದ ಮೇಲೆ. ಡೆಬೊರಾ ಅದೇ ಕೇರಿಯಲ್ಲಿ ಬೆಳೆದ ಹುಡುಗಿ. ನೀವು ಹರಟೆ ಅಂದಿರಲ್ಲ, ಅವರು ಹೊಡೆದಿದ್ದು ಅಕ್ಕಪಕ್ಕದ ಮನೆಯವರ ಜೊತೆಗಿನ ಹರಟೆಯೇ. ಅವರಿಗಿದ್ದ ಪ್ರಶ್ನೆ ಬೇರೆ: ಲೆಕ್ಕ ಇಷ್ಟು ಸ್ಪಷ್ಟ ಇರುವಾಗ ಜನ ಯಾಕೆ ಎದ್ದು ನಿಲ್ಲುತ್ತಿಲ್ಲ?

ಸಿಕ್ಕ ಉತ್ತರ ವಿಚಿತ್ರವಾಗಿತ್ತು. ಆ ಜನರಿಗೇ ಖಾತ್ರಿ ಇರಲಿಲ್ಲ. ಸೀಸ ಇರುವುದು ಆ ಕಡೆಯ ಗುಡಿಸಲಿನ ಮಕ್ಕಳಲ್ಲಿ, ನಮ್ಮವರು ಗಟ್ಟಿಯಾಗಿದ್ದಾರೆ ಎನ್ನುವವರು ಇದ್ದರು. ಡಾಕ್ಟರುಗಳು ಒಬ್ಬೊಬ್ಬರು ಒಂದೊಂದು ಹೇಳುತ್ತಿದ್ದರು. ಕೇರಿಯ ಆರೋಗ್ಯ ಕೇಂದ್ರಕ್ಕೆ ದುಡ್ಡು ಬರುತ್ತಿದ್ದದ್ದೇ ಪಕ್ಕದ ಕಂಪನಿಯಿಂದ. ಇಂದಲ್ಲ ನಾಳೆ ನಿಮ್ಮನ್ನು ಬೇರೆ ಕಡೆಗೆ ಸಾಗಿಸುತ್ತೇವೆ ಅಂತ ಅಧಿಕಾರಿಗಳು. ಪರಿಹಾರ ಬರುತ್ತದೆ, ತಾಳಿ ಅಂತ ವಕೀಲರು. ನಾಳೆ ಖಾಲಿ ಮಾಡಬೇಕಾದ ಮನೆಯನ್ನು ಯಾರಾದರೂ ರಿಪೇರಿ ಮಾಡಿಸುತ್ತಾರೆಯೇ? ಪರಿಹಾರ ಬರುವ ಮುಂಚೆ ಬಿಟ್ಟು ಹೋಗುತ್ತಾರೆಯೇ? ಹೀಗೆ ಕಾಯುವುದೇ ಬದುಕಾಯಿತು. ಮೈಯೊಳಗೆ ವಿಷ, ತಲೆಯೊಳಗೆ ಗೊಂದಲ. ಆ ಗೊಂದಲ ಜನರ ದಡ್ಡತನದಿಂದ ಬಂದದ್ದಲ್ಲ, ಡಾಕ್ಟರು, ಕಂಪನಿ, ಸರ್ಕಾರ, ವಕೀಲರು ಎಲ್ಲರ ಮಾತು ಸೇರಿ ಹುಟ್ಟಿದ್ದು. ಯಾವ ಮೀಟರಿನ ಮುಳ್ಳೂ ಇದನ್ನು ತೋರಿಸದು.

ಈ ಸಂಶೋಧಕರು ಅಲ್ಲಿನ ಶಾಲೆಯ ಮಕ್ಕಳ ಕೈಗೆ ಕ್ಯಾಮೆರಾ ಕೊಟ್ಟು, ಇಷ್ಟವಾದದ್ದು ಮತ್ತು ಇಷ್ಟವಿಲ್ಲದ್ದು ಎರಡನ್ನೂ ತೆಗೆದು ತನ್ನಿ ಎಂದರು. ಇಷ್ಟವಿಲ್ಲದ್ದರ ಸಾಲಿನಲ್ಲಿ ಕಸ, ಕೊಳೆ ನೀರು, ಚಿಮಣಿ ಬಂದವು. ದೊಡ್ಡವರ ಮಾತಿನಲ್ಲಿದ್ದ 'ಆದರೆ', 'ಇರಬಹುದು' ಆ ಫೋಟೋಗಳಲ್ಲಿ ಇರಲಿಲ್ಲ. ನನಗೆ ಆ ಸಂಶೋಧನೆಯಲ್ಲಿ ಬಹಳ ಹಿಡಿಸಿದ್ದು ಇದೇ ಭಾಗ.

ಕಾರಣ ಇದೆ. ನಾನು ಓದಿದ ಪ್ರೈಮರಿ ಶಾಲೆಯ ಪಕ್ಕ ಅಕ್ಕಿ ಗಿರಣಿ ಇತ್ತು. ಹೊಟ್ಟು ಸುಟ್ಟ ಬೂದಿ ಸ್ಲೇಟಿನ ಮೇಲೆ ಕೂರುತ್ತಿತ್ತು. ಬೆರಳಲ್ಲಿ ಅದರ ಮೇಲೇ ಅಕ್ಷರ ಬರೆಯುತ್ತಿದ್ದೆವು. ನೆಂಟರು ಬಂದು "ಏನ್ರೋ ಇದು, ಹೇಗಿದ್ದೀರಿ ಇಲ್ಲಿ" ಅಂದಾಗಲೇ ನಮಗೆ ವಾಸನೆ ಬರುತ್ತಿದ್ದದ್ದು. ಅಜ್ಜಿ ಮಾತ್ರ "ಗಿರಣಿ ಇದ್ದಿದ್ದಕ್ಕೇ ನಿಮ್ಮಪ್ಪನಿಗೆ ಕೂಲಿ" ಅಂತ ಅವರ ಬಾಯಿ ಮುಚ್ಚಿಸುತ್ತಿದ್ದಳು.

ಇನ್ನು ಬೇರೆ ಕಡೆ ಹೋಗಬಹುದಲ್ಲ ಎಂಬ ಪ್ರಶ್ನೆ. ಇದಕ್ಕೆ ಅರ್ಜೆಂಟೀನಾ ಬೇಡ, ಮುಂಬೈಯ ಚೆಂಬೂರಿನ ಹತ್ತಿರದ ಮಾಹುಲ್ ಸಾಕು. ಅಲ್ಲೂ ಸುತ್ತ ತೈಲ ಶುದ್ಧೀಕರಣ ಘಟಕಗಳು, ರಾಸಾಯನಿಕ ಟ್ಯಾಂಕುಗಳು. 2013ರಲ್ಲಿ ಕೆಇಎಂ ಆಸ್ಪತ್ರೆಯವರು ಸಮೀಕ್ಷೆ ಮಾಡಿದಾಗ ನೂರಕ್ಕೆ 67 ಜನ ತಿಂಗಳಿಗೆ ಮೂರಕ್ಕಿಂತ ಹೆಚ್ಚು ಸಲ ಉಸಿರಾಟದ ತೊಂದರೆ ಆಗುತ್ತದೆ ಎಂದರು. ಕಣ್ಣುರಿ ಎಂದವರು 86ಕ್ಕೂ ಹೆಚ್ಚು. 2015ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ, ಅಲ್ಲಿನವರ ಆರೋಗ್ಯಕ್ಕೆ ಅಪಾಯ ಇದೆ ಎಂದಿತು. 2017ರಲ್ಲಿ ಏನಾಯಿತು ಗೊತ್ತೇ? ತಾನ್ಸಾ ನೀರಿನ ಪೈಪ್‌ಲೈನ್ ಪಕ್ಕದ ಗುಡಿಸಲು ಕೆಡವಿ, ಸಾವಿರಾರು ಕುಟುಂಬಗಳನ್ನು ಅದೇ ಮಾಹುಲ್‌ಗೆ ಕಳಿಸಿದರು. ಅವರು ಗಾಳಿ ಆರಿಸಿಕೊಂಡು ಹೋದವರಲ್ಲ, ಕೈಗೆ ಬೀಗದ ಕೈ ಕೊಟ್ಟು ಕಳಿಸಿದ ಜನ. ಬೇರೆ ಮನೆ ಕೊಡಿ, ಇಲ್ಲವೇ ತಿಂಗಳಿಗೆ 15,000 ರೂಪಾಯಿ ಬಾಡಿಗೆ ಕೊಡಿ ಎಂದು ಬಾಂಬೆ ಹೈಕೋರ್ಟ್ ಹೇಳಿದ್ದು 2019ರಲ್ಲಿ. ಅಲ್ಲಿಯ ತನಕ ಬೀದಿಗಿಳಿದು ಹೋರಾಡಿದವರು ಆ ಜನವೇ. ಬೆಂಗಳೂರಿನ ಕಸವನ್ನು ಮಾವಳ್ಳಿಪುರ, ಮಂಡೂರು ಹೊತ್ತದ್ದು ನಿಮಗೆ ನೆನಪಿರಬೇಕು. 'ಪರಿಸರ ಅನ್ಯಾಯ' ಅಂದರೆ ಇಷ್ಟೇ ಮೇಷ್ಟ್ರೇ: ಲಾಭ ಒಂದು ಕಡೆ, ಹೊಗೆ ಇನ್ನೊಂದು ಕಡೆ. ಹೊಗೆ ಯಾವ ಕಡೆಗೆ ಅನ್ನುವುದು ಸುಮ್ನೆ ಗಾಳಿ ಬೀಸಿದ ಹಾಗೆ ತೀರ್ಮಾನವಾಗುವುದಿಲ್ಲ.

ಮೀಟರ್ ಬಗ್ಗೆಯೂ ಒಂದು ಮಾತು, ನಿಮಗೆ ಹೇಳುವುದು ಅಧಿಕಪ್ರಸಂಗ ಆದರೂ. ನಮ್ಮ ದೇಶದ ಎಕ್ಯೂಐ, ಅಂದರೆ ಗಾಳಿಯ ಗುಣಮಟ್ಟದ ಸೂಚ್ಯಂಕ, ಎಂಟು ಮಾಲಿನ್ಯಕಾರಕಗಳ ಲೆಕ್ಕ. ದೂಳಿನ ಕಣ, ಗಂಧಕದ ಡೈಆಕ್ಸೈಡ್, ಸೀಸ ಎಲ್ಲ ಇವೆ. ಬೆಂಜೀನ್ ಇಲ್ಲ, ಟೊಲುವೀನ್ ಇಲ್ಲ. ತೈಲದ ಟ್ಯಾಂಕಿನ ಪಕ್ಕ ಬದುಕುವವರ ಮೂಗಿಗೆ ಬಡಿಯುವುದು ತೈಲದಿಂದ ಆವಿಯಾಗಿ ಏಳುವ ಅಂಥ ರಾಸಾಯನಿಕಗಳೇ. ಏನನ್ನು ಅಳೆಯಬೇಕು, ಮೀಟರ್ ಎಲ್ಲಿ ಇಡಬೇಕು ಅಂತ ಯಾರೋ ಕೂತು ತೀರ್ಮಾನಿಸಿರುತ್ತಾರೆ. ಆ ಮೇಜಿನ ಸುತ್ತ ಮಾಹುಲ್‌ನವರಿಗೆ ಕುರ್ಚಿ ಇರುತ್ತದೆಯೇ?

ಮಾನವಶಾಸ್ತ್ರದವರೆಲ್ಲ ದೇವರು ಅಂತ ನಾನು ಹೇಳುತ್ತಿಲ್ಲ. ಅವರು ಬರೆದದ್ದನ್ನು ಅವರೇ ಓದಿಕೊಳ್ಳಬೇಕು ಅನ್ನುವ ಹಾಗೆ ಬರೆಯುವವರೇ ಹೆಚ್ಚು. ಸಂಶೋಧನೆ ಮುಗಿದ ಮೇಲೆ ಕೇರಿಯವರಿಗೆ ಏನು ಸಿಕ್ಕಿತು ಅಂತ ಕೇಳಿದರೆ ಹಲವರು ತಡವರಿಸುತ್ತಾರೆ. ಅರ್ಜೆಂಟೀನಾದಲ್ಲಿ 2004ರಲ್ಲೇ ಬೀಟ್ರಿಸ್ ಮೆಂಡೋಜಾ ಮತ್ತು ಇತರ ನಿವಾಸಿಗಳು ಕೋರ್ಟಿಗೆ ಹೋಗಿದ್ದರು. ಡಾಕ್ ಸುದ್ ಇರುವ ಮತಾನ್ಸಾ-ರಿಯಾಚುಯೆಲೊ ನದೀ ಪ್ರದೇಶವನ್ನು ಶುದ್ಧ ಮಾಡಿ ಅಂತ 2008ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಅದು ಕೇಸು ಹಾಕಿದವರ ಗೆಲುವು, ಕೇರಿಯ ಬಗ್ಗೆ ಪುಸ್ತಕ ಬರೆದ ಔಯೇರೊ, ಡೆಬೊರಾ ಅವರದ್ದಲ್ಲ.

ಕೊನೆಗೆ ಒಂದು ಕೋರಿಕೆ. ನಿಮ್ಮ ಮೀಟರನ್ನು ಒಂದು ವಾರ ಜಗಲಿಯಿಂದ ಇಳಿಸಿ. ಬೆಳಗ್ಗೆ ಆರಕ್ಕೆ ಪೌರಕಾರ್ಮಿಕರು ಬಸ್ ಸ್ಟ್ಯಾಂಡ್ ರಸ್ತೆ ಗುಡಿಸುವಾಗ ಅವರ ಜೊತೆ ನಡೆಯಿರಿ. ಅಂಕಿ ಬರೆದುಕೊಳ್ಳಿ. ಟೀ ಕುಡಿಯುವಾಗ ಅವರು ಹೇಳಿದ್ದನ್ನೂ ಬರೆದುಕೊಳ್ಳಿ. ಎರಡನ್ನೂ ಕಳಿಸಿ, ಮುಂದಿನ ತಿಂಗಳ ಸಂಚಿಕೆಯಲ್ಲಿ ನಾಲ್ಕು ಪುಟ ಖಾಲಿ ಇಟ್ಟಿರುತ್ತೇನೆ. 20ನೇ ತಾರೀಖಿನೊಳಗೆ ತಲುಪಿದರೆ ಸಾಕು.