ಏಳು ವರ್ಷದ ಕೂಗು ಒಂದು ಹೆಬ್ಬೆರಳಿಗೆ ಬಿತ್ತೇ?

ಪ್ರಶ್ನೆ: 2017ರಲ್ಲಿ ಅಮೆರಿಕದ ಅಧ್ಯಕ್ಷ ಪದವಿ, ಪ್ರತಿನಿಧಿ ಸಭೆ, ಸೆನೆಟ್ ಮೂರೂ ರಿಪಬ್ಲಿಕನ್ ಪಕ್ಷದ ಕೈಯಲ್ಲಿದ್ದವು. ಒಬಾಮಾ ತಂದ ಆರೋಗ್ಯ ವಿಮೆಯ ಕಾಯ್ದೆ ‘ಒಬಾಮಾಕೇರ್ ರದ್ದು ಮಾಡುತ್ತೇವೆ’ ಎಂದು ಏಳು ವರ್ಷ ಕೂಗಿದವರಿಂದ ಅದೇಕೆ ಆಗಲಿಲ್ಲ? ಅವರದೇ ಪಕ್ಷದ ಸೆನೆಟರ್ ಜಾನ್ ಮೆಕೇನ್ ಒಬ್ಬರು ಕೈಕೊಟ್ಟಿದ್ದರಿಂದ ಬಿತ್ತು ಅನ್ನುತ್ತಾರೆ. ನಮ್ಮಲ್ಲಾಗಿದ್ದರೆ ವಿಪ್ ಜಾರಿ ಮಾಡಿ ಮುಗಿಸುತ್ತಿದ್ದರಲ್ಲವೇ?
– ನಿವೃತ್ತ ಶಿಕ್ಷಕರು, ದಾವಣಗೆರೆ

ಉತ್ತರ: ನಿಮ್ಮ ಕೊನೆಯ ಮಾತಿನಿಂದಲೇ ಶುರು ಮಾಡುತ್ತೇನೆ ಮೇಷ್ಟ್ರೇ. ನಮ್ಮಲ್ಲಿ ವಿಪ್ ಮೀರಿ ಮತ ಹಾಕಿದ ಸಂಸದ 1985ರ ಪಕ್ಷಾಂತರ ನಿಷೇಧ ಕಾನೂನಿನಡಿ ಸ್ಥಾನವನ್ನೇ ಕಳೆದುಕೊಳ್ಳಬಹುದು. ಅಮೆರಿಕದಲ್ಲಿ ಅಂಥ ಕಾನೂನಿಲ್ಲ. ಅಲ್ಲಿಯೂ ‘ವಿಪ್’ ಅಂತ ಒಬ್ಬರಿರುತ್ತಾರೆ, ಆದರೆ ಅವರ ಕೆಲಸ ಓಲೈಸುವುದು, ತಲೆ ಎಣಿಸುವುದು, ಹೆಚ್ಚೆಂದರೆ ಮುನಿಸಿಕೊಳ್ಳುವುದು. ಹಾಗಾಗಿ ಅಲ್ಲಿ ಬಹುಮತ ಇದೆ ಅಂದಮಾತ್ರಕ್ಕೆ ಮಸೂದೆ ಪಾಸಾಯಿತು ಅಂತಲ್ಲ. ನಾಯಕರು ಒಂದೊಂದೇ ಮತವನ್ನು ದುಡಿದು ತರಬೇಕು.

ಇನ್ನು ಮೆಕೇನ್. 2017ರ ಜುಲೈ 28, ರಾತ್ರಿ ಸುಮಾರು ಒಂದೂವರೆ. ಮಿದುಳಿನ ಕ್ಯಾನ್ಸರ್ ಪತ್ತೆಯಾದ ಕೆಲವೇ ದಿನಗಳಲ್ಲಿ ಅರಿಜೋನಾದಿಂದ ಹಾರಿ ಬಂದಿದ್ದ ಮನುಷ್ಯ, ಹುಬ್ಬಿನ ಮೇಲೆ ಶಸ್ತ್ರಚಿಕಿತ್ಸೆಯ ಗಾಯ ಇನ್ನೂ ಹಸಿ. ಉಪಾಧ್ಯಕ್ಷ ಮೈಕ್ ಪೆನ್ಸ್ ಪಕ್ಕದಲ್ಲಿ ನಿಂತು ಬಹಳ ಹೊತ್ತು ಮನವೊಲಿಸಿದ್ದರು. ಮೆಕೇನ್ ಸೀದಾ ಗುಮಾಸ್ತರ ಮೇಜಿನ ಮುಂದೆ ಹೋಗಿ ನಿಂತು ಬಲಗೈ ಮುಂದೆ ಚಾಚಿ ಹೆಬ್ಬೆರಳನ್ನು ಕೆಳಕ್ಕೆ ಮಾಡಿದರು. ವಿಯೆಟ್ನಾಂ ಯುದ್ಧದಲ್ಲಿ ಮುರಿದ ತೋಳು ಅದು, ಭುಜದಿಂದ ಮೇಲಕ್ಕೆ ಏಳುವುದಿಲ್ಲ. ಸಭೆಯಲ್ಲಿ ಹಾ ಎಂಬ ಉದ್ಗಾರ. ಡೆಮಾಕ್ರಟಿಕ್ ಸಾಲಿನಲ್ಲಿ ಚಪ್ಪಾಳೆ ಶುರುವಾಗುತ್ತಿದ್ದಂತೆ ಅವರ ನಾಯಕ ಚಕ್ ಶೂಮರ್ ಕೈ ಬೀಸಿ ಸುಮ್ಮನಾಗಿಸಿದರು. ಎದುರಿಗೆ ರಿಪಬ್ಲಿಕನ್ ನಾಯಕ ಮಿಚ್ ಮೆಕಾನೆಲ್ ಕೈಕಟ್ಟಿ ನಿಂತಿದ್ದರು. 49–51. ಮಸೂದೆ ಬಿತ್ತು.

ದೃಶ್ಯ ಎಷ್ಟು ಚೆನ್ನಾಗಿದೆ ಅಂದರೆ ಜನರಿಗೆ ಅದೊಂದೇ ನೆನಪಿದೆ. ಮೇನ್ ರಾಜ್ಯದ ಸೂಸನ್ ಕಾಲಿನ್ಸ್, ಅಲಾಸ್ಕಾದ ಲೀಸಾ ಮರ್ಕೌಸ್ಕಿ ಆ ವಾರವಿಡೀ ‘ಬೇಡ’ ಎನ್ನುತ್ತಲೇ ಇದ್ದರು. 52 ಸ್ಥಾನಗಳಿದ್ದ ಪಕ್ಷಕ್ಕೆ ಇಬ್ಬರು ಹೋದರೂ ನಡೆಯುತ್ತಿತ್ತು, 50–50 ಆದಾಗ ಉಪಾಧ್ಯಕ್ಷ ಪೆನ್ಸ್ ಮತ ಹಾಕಿ ಸಮ ಮುರಿಯುತ್ತಿದ್ದರು. ಮೂರನೆಯವರು ಮೆಕೇನ್, ಅಷ್ಟೇ. ಅವರನ್ನು ಹೀರೋ ಮಾಡುವವರಿಗೂ ದ್ರೋಹಿ ಎನ್ನುವವರಿಗೂ ಆ ಇಬ್ಬರು ಹೆಂಗಸರು ಕಾಣುವುದೇ ಇಲ್ಲ.

ನನ್ನನ್ನು ಕೇಳಿದರೆ ಆ ಮಸೂದೆ ಬಿದ್ದದ್ದು ಹಿಂದಿನ ದಿನವೇ. ಪೂರ್ಣ ಬದಲಿ ಮಸೂದೆ 43–57ರಿಂದ, ಬದಲಿ ಇಲ್ಲದ ರದ್ದತಿ 45–55ರಿಂದ ಆಗಲೇ ಸೋತಿದ್ದವು. ಉಳಿದದ್ದು ಎಂಟು ಪುಟದ ಒಂದು ಬಡಕಲು ಮಸೂದೆ. ಜುಲೈ 27ರ ರಾತ್ರಿ ಹತ್ತರ ಸುಮಾರಿಗೆ ಅದನ್ನು ಹೊರಬಿಟ್ಟರು. ಅದಕ್ಕೂ ಮುಂಚೆ ಆ ಸಂಜೆ ಲಿಂಡ್ಸೆ ಗ್ರಹಾಂ, ಮೆಕೇನ್ ಮತ್ತಿಬ್ಬರು ಸೆನೆಟರ್‌ಗಳು ಪತ್ರಿಕಾಗೋಷ್ಠಿ ಕರೆದು, ‘ಇದು ಹೀಗೇ ಕಾನೂನಾಗುವುದಿಲ್ಲ ಎಂದು ಪ್ರತಿನಿಧಿ ಸಭೆಯ ಸ್ಪೀಕರ್ ಪಾಲ್ ರಯಾನ್ ಮಾತು ಕೊಟ್ಟರೆ ಮಾತ್ರ ಪರವಾಗಿ ಮತ ಹಾಕುತ್ತೇವೆ’ ಎಂದರು. ಇನ್ನೊಮ್ಮೆ ಓದಿ ಮೇಷ್ಟ್ರೇ. ಕಾನೂನಾಗುವುದಿಲ್ಲವೆಂಬ ಭರವಸೆ ಸಿಕ್ಕರೆ ಬೆಂಬಲ! ಇಷ್ಟು ವರ್ಷ ಶಾಸನಸಭೆಗಳ ಬಗ್ಗೆ ಪಾಠ ಮಾಡಿದ ನನಗೆ ಇದಕ್ಕೆ ಎರಡನೇ ಉದಾಹರಣೆ ಸಿಕ್ಕಿಲ್ಲ.

ಇಲ್ಲಿಗೆ ಬಂದು ನಿಂತದ್ದು ಹೇಗೆ? ಒಬಾಮಾ 2010ರ ಮಾರ್ಚ್ 23ರಂದು ಸಹಿ ಹಾಕಿದ ಈ ಕಾಯ್ದೆ ಮೂರು ಗುಂಡಿನ ಒಲೆ. ಒಂದನೇ ಕಲ್ಲು: ಮೊದಲೇ ಕಾಯಿಲೆ ಇದೆ ಎಂದು ವಿಮಾ ಕಂಪನಿ ಯಾರನ್ನೂ ದೂರ ಇಡುವಂತಿಲ್ಲ, ಹೆಚ್ಚು ಕಂತು ಕೇಳುವಂತಿಲ್ಲ. ಎರಡನೆಯದು: ಎಲ್ಲರೂ ವಿಮೆ ಮಾಡಿಸಲೇಬೇಕು, ಇಲ್ಲದಿದ್ದರೆ ದಂಡ. ಇದಿಲ್ಲದಿದ್ದರೆ ಮನೆಗೆ ಬೆಂಕಿ ಬಿದ್ದ ಮೇಲೆ ಬಾವಿ ತೋಡುವವರೇ ಎಲ್ಲ. ಮೂರನೆಯದು: ಕಂತು ಕಟ್ಟಲಾಗದವರಿಗೆ ಸರ್ಕಾರದ ಸಬ್ಸಿಡಿ, ತೀರಾ ಬಡವರಿಗೆ ಮೆಡಿಕೇಡ್ ಎಂಬ ಸರ್ಕಾರಿ ವಿಮೆಯ ವಿಸ್ತರಣೆ. ಮೊದಲ ಕಲ್ಲು ಯಾರಿಗೆ ಬೇಡ? ಆದ್ದರಿಂದ ರಿಪಬ್ಲಿಕನ್ ನಾಯಕರು ಅದನ್ನು ಉಳಿಸುತ್ತೇವೆ ಎಂದರು, ಜನರಿಗೆ ಆಗದ ಎರಡನೆಯದನ್ನೂ ಸರ್ಕಾರಕ್ಕೆ ಭಾರವಾದ ಮೂರನೆಯದನ್ನೂ ಕೀಳುತ್ತೇವೆ ಎಂದರು. ಒಂದು ಕಲ್ಲಿನ ಮೇಲೆ ಪಾತ್ರೆ ನಿಲ್ಲಿಸುವ ಬಗೆಯನ್ನು ಏಳು ವರ್ಷದಲ್ಲಿ ಯಾರೂ ಕೂತು ಯೋಚಿಸಲಿಲ್ಲ. ಬೇಕಾಗಿಯೂ ಇರಲಿಲ್ಲ. ಒಬಾಮಾ ಇರುವ ತನಕ ಪ್ರತಿನಿಧಿ ಸಭೆಯಲ್ಲಿ 50ಕ್ಕೂ ಹೆಚ್ಚು ಸಲ ರದ್ದತಿಗೋ ಮೊಟಕಿಗೋ ಮತ ಹಾಕಿದರು. ವೀಟೊ ಬೀಳುತ್ತದೆಂದು ಗೊತ್ತಿರುವಾಗ ಧೈರ್ಯಕ್ಕೇನು ಕಡಿಮೆ? 2016ರ ಜನವರಿಯಲ್ಲಿ ಮಸೂದೆ ನಿಜವಾಗಿ ಒಬಾಮಾ ಮೇಜಿಗೆ ಹೋಯಿತು, ಅವರು ವೀಟೊ ಮಾಡಿದರು. ಆಮೇಲೆ ಟ್ರಂಪ್ ಬಂದರು, ಖಾಲಿ ಮದ್ದಿನ ಕೋವಿಗೆ ಗುಂಡು ತುಂಬಿತು, ಆಗ ಕೈ ನಡುಗಿತು. ಸಂಸತ್ತಿನದೇ ಬಜೆಟ್ ಕಚೇರಿ ಲೆಕ್ಕ ಹಾಕಿ, ಪ್ರತಿನಿಧಿ ಸಭೆಯ ಮಸೂದೆ ಜಾರಿಯಾದರೆ 2026ರ ಹೊತ್ತಿಗೆ ವಿಮೆ ಇಲ್ಲದವರು 2.3 ಕೋಟಿ ಹೆಚ್ಚುತ್ತಾರೆ ಎಂದಿತು. ಓಹಾಯೋದ ಜಾನ್ ಕೇಸಿಕ್‌ರಂಥ ರಿಪಬ್ಲಿಕನ್ ಗವರ್ನರ್‌ಗಳೇ ಮೆಡಿಕೇಡ್ ವಿಸ್ತರಿಸಿಕೊಂಡು ಕೂತಿದ್ದರು. ಕೊಟ್ಟದ್ದನ್ನು ಕಿತ್ತುಕೊಳ್ಳುವ ಕೈ ಯಾರದಾಗಬೇಕು ಎಂಬುದೇ ಪ್ರಶ್ನೆಯಾಯಿತು.

ಮೇ 4ರಂದು ಪ್ರತಿನಿಧಿ ಸಭೆಯಲ್ಲಿ ಮಸೂದೆ 217–213ರಿಂದ ಗೆದ್ದಾಗ ಟ್ರಂಪ್ ಶ್ವೇತಭವನದ ತೋಟದಲ್ಲಿ ಸಂಭ್ರಮಿಸಿದರು. ಮರುತಿಂಗಳೇ ಅದೇ ಮಸೂದೆಯನ್ನು ‘ನಿರ್ದಯಿ’ ಎಂಬರ್ಥದ ಮಾತಿನಲ್ಲಿ ಕರೆದರು. ಮುಂಚೂಣಿಯಲ್ಲಿ ನಿಂತು ಮತ ಹಾಕಿ ಬೈಸಿಕೊಂಡವನಿಗೆ ಹೇಗಾಗಿರಬೇಡ.

ಇದಕ್ಕೆ ಎದುರಾಗಿ 2010ನ್ನು ನೋಡಿ. ಮ್ಯಾಸಚೂಸೆಟ್ಸ್ ಉಪಚುನಾವಣೆ ಸೋತು ಸೆನೆಟ್‌ನಲ್ಲಿ ವಿರೋಧಿಗಳ ಅಡ್ಡಗಾಲು ತಪ್ಪಿಸಲು ಬೇಕಾದ ಡೆಮಾಕ್ರಟರ 60 ಮತಗಳ ಕೋಟೆ ಕುಸಿದಿತ್ತು. ಸ್ಪೀಕರ್ ನ್ಯಾನ್ಸಿ ಪೆಲೋಸಿ ತಮ್ಮವರಿಗೇ ಇಷ್ಟವಿಲ್ಲದ ಸೆನೆಟ್ ಮಸೂದೆಯನ್ನು ಇದ್ದ ಹಾಗೆ 219–212ರಿಂದ ಪಾಸು ಮಾಡಿಸಿದರು. ಅವರದೇ ಪಕ್ಷದ 34 ಮಂದಿ ವಿರೋಧಿಸಿದ್ದರು. ಆ ನವೆಂಬರ್‌ನಲ್ಲಿ ಪಕ್ಷ 63 ಸ್ಥಾನ ಕಳೆದುಕೊಂಡಿತು, ಪೆಲೋಸಿ ಸ್ಪೀಕರ್ ಕುರ್ಚಿಯನ್ನೂ. ಬೆಲೆ ಗೊತ್ತಿದ್ದೇ ಕೊಟ್ಟರು. ಹಾಗಂತ ಈ ಪಾಳಯ ಪೂರ್ತಿ ಸಾಚಾ ಅಲ್ಲ. ‘ಈಗಿನ ವಿಮೆ ಇಷ್ಟವಿದ್ದರೆ ಇಟ್ಟುಕೊಳ್ಳಿ’ ಎಂದು ಒಬಾಮಾ ಕೊಟ್ಟ ಮಾತು 2013ರಲ್ಲಿ ಲಕ್ಷಾಂತರ ಜನರಿಗೆ ಪಾಲಿಸಿ ರದ್ದಾದ ಪತ್ರ ಬಂದಾಗ ಸುಳ್ಳಾಯಿತು. ಸಬ್ಸಿಡಿ ಸಿಗದ ಮಧ್ಯಮ ವರ್ಗದವರ ಕಂತು ಏರಿದ್ದೂ ನಿಜ. ಆ ಸಿಟ್ಟಿಗೆ ಕಾರಣವಿತ್ತು, ಅದಕ್ಕೆ ಮದ್ದು ಮಾತ್ರ ಯಾರ ಬಳಿಯೂ ಇರಲಿಲ್ಲ.

ಒಂದು ವಿಷಯದಲ್ಲಿ ನಾನು ತಪ್ಪಿದೆ, ಹೇಳಿಬಿಡುತ್ತೇನೆ. 2017ರ ಡಿಸೆಂಬರ್‌ನ ತೆರಿಗೆ ಕಾಯ್ದೆಯಲ್ಲಿ ದಂಡವನ್ನು ಸೊನ್ನೆ ಮಾಡಿದರು, 2019ರಿಂದ ಎರಡನೇ ಕಲ್ಲು ಹೋಯಿತು. ಒಲೆ ವಾಲುತ್ತದೆ ಎಂದು ನಾನು ತರಗತಿಯಲ್ಲಿ ಹೇಳಿದ್ದೆ. ವಾಲಲಿಲ್ಲ. ಸಬ್ಸಿಡಿ ಪಡೆಯುವ ಕುಟುಂಬ ಆದಾಯದ ಇಷ್ಟು ಪಾಲು ಕಟ್ಟಿದರೆ ಸಾಕು, ಕಂತು ಏರಿದರೆ ಏರಿಕೆಯನ್ನು ಸರ್ಕಾರ ಹೊರುತ್ತದೆ. ಹಾಗಾಗಿ ಆರೋಗ್ಯವಂತರೂ ಬಿಟ್ಟು ಹೋಗಲಿಲ್ಲ. ಭಾರವೆಲ್ಲ ಮೂರನೇ ಕಲ್ಲಿನ ಮೇಲೇ ಇತ್ತು.

ಪ್ರಶ್ನೆ: ನಮ್ಮ ಹಲ್ಲೇಗೆರೆ ಮೂಲದ ಡಾ. ವಿವೇಕ್ ಮೂರ್ತಿಯವರಿಗೆ ಈ ಕಾಯ್ದೆಯಲ್ಲಿ ಪಾತ್ರವಿತ್ತೇ?
– ಓದುಗರು, ಮಂಡ್ಯ

ಉತ್ತರ: ಕಾಯ್ದೆ ಬರೆದವರು ಅವರಲ್ಲ. 2008ರಲ್ಲಿ ಒಬಾಮಾ ಪರ ವೈದ್ಯರ ಸಂಘಟನೆ ಕಟ್ಟಿದವರಲ್ಲಿ ಒಬ್ಬರು, ಮುಂದೆ ಅದೇ ‘ಡಾಕ್ಟರ್ಸ್ ಫಾರ್ ಅಮೆರಿಕ’ ಆಗಿ ಕಾಯ್ದೆಯ ಪರ ಪ್ರಚಾರ ಮಾಡಿತು. ಸರ್ಜನ್ ಜನರಲ್, ಅಂದರೆ ಜನಾರೋಗ್ಯದ ಬಗ್ಗೆ ದೇಶಕ್ಕೆ ಸಲಹೆ ಕೊಡುವ ಮುಖ್ಯ ವೈದ್ಯರ ಹುದ್ದೆಗೆ ಅವರಿಗೆ ಸೆನೆಟ್ ಒಪ್ಪಿಗೆ ಸಿಕ್ಕಿದ್ದು 2014ರ ಡಿಸೆಂಬರ್‌ನಲ್ಲಿ, ವರ್ಷಕ್ಕೂ ಹೆಚ್ಚು ಕಾಯಿಸಿ. ಕಾಯಿಸಿದ್ದಕ್ಕೆ ಮುಖ್ಯ ಕಾರಣ ವಿಮೆಯಲ್ಲ, ಬಂದೂಕು ಹಿಂಸೆಯೂ ಆರೋಗ್ಯದ ಸಮಸ್ಯೆ ಎಂದು ಅವರು ಹೇಳಿದ್ದು. 2017ರ ಏಪ್ರಿಲ್‌ನಲ್ಲಿ ಟ್ರಂಪ್ ಆಡಳಿತ ಅವರನ್ನು ಇಳಿಸಿತು, 2021ರಲ್ಲಿ ಬೈಡನ್ ಮತ್ತೆ ಕರೆತಂದರು.

ಪ್ರಶ್ನೆ: ಮಗ ಗ್ರೀನ್ ಕಾರ್ಡ್ ಮಾಡಿಸಿ ನಮ್ಮಿಬ್ಬರನ್ನೂ ಕರೆಸಿಕೊಂಡ. ನಮಗೆ 67, 70. 65 ದಾಟಿದವರ ಸರ್ಕಾರಿ ವಿಮೆ ಮೆಡಿಕೇರ್ ಇನ್ನೂ ಸಿಗುವುದಿಲ್ಲವಂತೆ, ಒಬಾಮಾಕೇರ್ ವಿಮೆ ಕೊಂಡಿದ್ದೇವೆ. ಈ ವರ್ಷ ಕಂತು ಒಮ್ಮೆಲೇ ಏರಿತು. ಕಾಯ್ದೆ ರದ್ದಾಯಿತೇ?
– ಮೈಸೂರಿನವರು, ಈಗ ಟೆಕ್ಸಾಸ್

ಉತ್ತರ: ರದ್ದಾಗಿಲ್ಲ. ಆ ಮಾತನ್ನು ಈಗ ರಿಪಬ್ಲಿಕನ್ ನಾಯಕರು ಹೆಚ್ಚು ಆಡುವುದಿಲ್ಲ, 2017ರಲ್ಲಿ ಕಲಿತ ಪಾಠ. ಗೋಡೆ ಕೆಡವುವ ಬದಲು ಇಟ್ಟಿಗೆ ಸಡಿಲಿಸುತ್ತಾರೆ. ಕೋವಿಡ್ ಕಾಲದಲ್ಲಿ, 2021ರಲ್ಲಿ, ಹೆಚ್ಚಿಸಿದ್ದ ಸಬ್ಸಿಡಿಯ ಅವಧಿ 2025ರ ಕೊನೆಗೆ ಮುಗಿಯಿತು. ಅದನ್ನು ಮುಂದುವರಿಸಿ ಎಂದು ಡೆಮಾಕ್ರಟರು ಪಟ್ಟು ಹಿಡಿದದ್ದಕ್ಕೇ ಅಕ್ಟೋಬರ್ 1ರಿಂದ 43 ದಿನ ಸರ್ಕಾರಿ ಕಚೇರಿಗಳು ಮುಚ್ಚಿದ್ದವು. ಸಬ್ಸಿಡಿ ಸಿಗದೆಯೇ ಬಾಗಿಲು ತೆರೆಯಿತು.

ನಿಮಗೆ ಇನ್ನೊಂದು ಪೆಟ್ಟೂ ಬಿದ್ದಿರಬಹುದು. ಆದಾಯ ಬಡತನ ರೇಖೆಗಿಂತ ಕೆಳಗಿದ್ದು, ಹೊಸದಾಗಿ ಬಂದವರೆಂಬ ಕಾರಣಕ್ಕೆ ಮೆಡಿಕೇಡ್ ಸಿಗದ ವಲಸಿಗರಿಗೆ ಈ ಹಿಂದೆ ಸಬ್ಸಿಡಿ ಕೊಡುತ್ತಿದ್ದರು. 2025ರ ಜುಲೈ 4ರಂದು ಸಹಿಯಾದ ಕಾಯ್ದೆ ಅದನ್ನು 2026ರಿಂದ ನಿಲ್ಲಿಸಿದೆ. ಇಬ್ಬರ ಕುಟುಂಬಕ್ಕೆ ಆ ರೇಖೆ ಸುಮಾರು 21 ಸಾವಿರ ಡಾಲರ್. ಊರಿನ ಪೆನ್ಶನ್, ಬ್ಯಾಂಕ್ ಬಡ್ಡಿ, ಮನೆ ಬಾಡಿಗೆ ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಮೊದಲು ಮಗನನ್ನು ಒಂದು ಮಾತು ಕೇಳಿ: ತೆರಿಗೆ ರಿಟರ್ನ್‌ನಲ್ಲಿ ನಿಮ್ಮನ್ನು ಅವಲಂಬಿತರೆಂದು ತೋರಿಸಿದ್ದಾನೆಯೇ? ತೋರಿಸಿದ್ದರೆ ಅವನ ಸಂಬಳವೂ ನಿಮ್ಮ ಆದಾಯಕ್ಕೆ ಸೇರುತ್ತದೆ, ಅದು ಬಡತನ ರೇಖೆಯ ನಾಲ್ಕು ಪಟ್ಟು ದಾಟಿದರೆ ಒಂದು ಡಾಲರೂ ಸಬ್ಸಿಡಿ ಇಲ್ಲ. ನೀವೇ ಬೇರೆ ರಿಟರ್ನ್ ಹಾಕುತ್ತಿದ್ದರೆ ಪೆನ್ಶನ್, ಬಾಡಿಗೆ ಕಾಗದಗಳನ್ನೆಲ್ಲ ಹೊಂದಿಸಿ ತೆರಿಗೆ ಲೆಕ್ಕ ಮಾಡುವವರ ಬಳಿ ಕೂತು, ಆ 21 ಸಾವಿರದ ಯಾವ ಬದಿಗೆ ಬೀಳುತ್ತೀರಿ ಎಂದು ನೋಡಿಸಿ. ಮೆಡಿಕೇರ್ ಹಣ ಕಟ್ಟಿ ಕೊಳ್ಳಬೇಕೆಂದರೂ ಅಲ್ಲಿ ಐದು ವರ್ಷ ಸತತ ವಾಸ ಆಗಿರಬೇಕು. ಆರು ತಿಂಗಳು ಮೈಸೂರು, ಆರು ತಿಂಗಳು ಟೆಕ್ಸಾಸ್ ಎಂದು ಓಡಾಡುತ್ತಿದ್ದರೆ ಆ ಎಣಿಕೆಗೂ ತೊಂದರೆ ಬರಬಹುದು, ಮುಂದಿನ ಟಿಕೆಟ್ ಮಾಡಿಸುವ ಮುಂಚೆ ಅದನ್ನೂ ಕೇಳಿಕೊಳ್ಳಿ.