ಪ್ರತಿಕ್ರಿಯೆ: ಸ್ಯಾಂಪಲ್ ಕಳಿಸುವ ಮುಂಚೆ

ವಿದೇಶಿ ಯೂನಿವರ್ಸಿಟಿಯವರು ನಿಮ್ಮ ರೋಗಿಗಳ ರಕ್ತದ ಸ್ಯಾಂಪಲ್ ಕೇಳಿದ್ದಾರೆ, ಸಂಶೋಧನಾ ಪೇಪರ್‌ನಲ್ಲಿ ನಿಮ್ಮ ಹೆಸರು ಹಾಕೋದು ಆಮೇಲೆ ನೋಡೋಣ ಅಂದಿದ್ದಾರೆ, ಒಪ್ಪಬಹುದಾ ಅಂತ ಕೇಳಿದ್ದೀರಿ. ನನ್ನ ಪ್ರಕಾರ ಬೇಡ. ಎಲ್ಲವೂ ಮೊದಲೇ ಬರವಣಿಗೆಯಲ್ಲಿ ಬರಲಿ.

ಸ್ಯಾಂಪಲ್ ವರ್ಗಾವಣೆಯ ಒಪ್ಪಂದವನ್ನು ಸಾಲು ಸಾಲಾಗಿ ಓದಿ. ಪರೀಕ್ಷೆ ಮುಗಿದ ಮೇಲೆ ಉಳಿದ ರಕ್ತ ಏನಾಗುತ್ತದೆ? ಮೂರನೆಯವರಿಗೆ ಕೊಡಬಹುದಾ? 'ಮುಂದಿನ ಸಂಬಂಧಿತ ಸಂಶೋಧನೆಗೂ ಬಳಸಬಹುದು' ಅನ್ನೋ ಸಾಲು ಕಂಡರೆ ಅಲ್ಲೇ ನಿಂತು ಪ್ರಶ್ನೆ ಕೇಳಿ. ಇದು ಜಾಸ್ತಿ ಅನುಮಾನ ಅನ್ನಿಸಬಹುದು. ಆದರೆ 2007ರಲ್ಲಿ ಇಂಡೋನೇಷ್ಯಾ ಹಕ್ಕಿಜ್ವರದ ವೈರಸ್ ಹಂಚಿಕೊಳ್ಳುವುದನ್ನೇ ನಿಲ್ಲಿಸಿತ್ತು. ನಮ್ಮ ವೈರಸ್‌ನಿಂದ ಮಾಡಿದ ಲಸಿಕೆ ನಮಗೇ ಕೈಗೆಟುಕಲ್ಲ ಅನ್ನೋದು ಅವರ ದೂರು. ನ್ಯಾಯವೇ ಅಲ್ವಾ? ಆ ಜಗಳ ಮುಂದುವರಿದು 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ವೈರಸ್ ಮತ್ತು ಅದರ ಲಾಭದ ಹಂಚಿಕೆಗೆ ಒಂದು ನಿಯಮಗಳ ಚೌಕಟ್ಟು ತಂದಿತು. ಅದು ಫ್ಲೂ ವೈರಸ್‌ಗಷ್ಟೇ ಅನ್ವಯ, ನಿಮ್ಮ ಸ್ಯಾಂಪಲ್‌ಗೆ ಒಪ್ಪಂದವೇ ಗತಿ.

ಇನ್ನು ಹೆಸರಿನ ವಿಷಯ. ಅನೇಕ ವೈದ್ಯಕೀಯ ಪತ್ರಿಕೆಗಳು ಪಾಲಿಸುವ ಐಸಿಎಂಜೆಇ (ವೈದ್ಯಕೀಯ ಪತ್ರಿಕೆಗಳ ಸಂಪಾದಕರ ಅಂತಾರಾಷ್ಟ್ರೀಯ ಸಮಿತಿ) ನಿಯಮದಂತೆ, ಲೇಖಕರಾಗಲು ಡೇಟಾ ಸಂಗ್ರಹಿಸಿದ್ದಷ್ಟೇ ಸಾಲದು. ಕರಡು ಬರೆಯುವುದರಲ್ಲೋ ತಿದ್ದುವುದರಲ್ಲೋ ಪಾಲು ಇರಬೇಕು, ಅಂತಿಮ ಪ್ರತಿಗೆ ಒಪ್ಪಿಗೆ ಕೊಡಬೇಕು, ಹೊಣೆಯನ್ನೂ ಹೊರಬೇಕು. ಹಾಗಾಗಿ ವಿಶ್ಲೇಷಣೆಯಲ್ಲೇ ನಿಮ್ಮವರೊಬ್ಬರು ಕೂರಲಿ. ಎಥಿಕ್ಸ್ ಕಮಿಟಿ ಒಪ್ಪಿಗೆ ಎರಡೂ ಕಡೆ ಬೇಕು. ರೋಗಿಗಳು ಸಹಿ ಹಾಕಿದ ಪತ್ರದಲ್ಲಿ ಸ್ಯಾಂಪಲ್ ಹೊರದೇಶಕ್ಕೆ ಹೋಗುತ್ತದೆ ಅಂತ ಬರೆದಿದೆಯಾ, ಇವತ್ತೇ ನೋಡಿ.